ಲಸಿಕೆಯ ನಂತರ ಮುಟ್ಟು ತಡವಾಗಿದ್ದಕ್ಕೂ ಅಂಡಾಣು ಸಂಗ್ರಹಕ್ಕೂ ಸಂಬಂಧವಿದೆಯೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೀಗ 34 ವರ್ಷ. ಕೋವಿಡ್ ಲಸಿಕೆಯ ಎರಡನೆಯ ಡೋಸ್ ಪಡೆದ ತಿಂಗಳು ಮುಟ್ಟು ಐದಾರು ದಿನ ತಡವಾಗಿ ಬಂದು, ಸ್ರಾವವೂ ಹೆಚ್ಚಾಗಿತ್ತು. ಆಮೇಲೆ ಎಲ್ಲವೂ ಮೊದಲಿನಂತಾಯಿತು. ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಇತ್ತೀಚಿನ ಎಎಂಎಚ್ (ಅಂಡಾಶಯದಲ್ಲಿ ತಯಾರಾಗುವ ಒಂದು ಹಾರ್ಮೋನು) ರಕ್ತಪರೀಕ್ಷೆಯಲ್ಲಿ ಅಂಡಾಣುಗಳ ಸಂಗ್ರಹ ಕಡಿಮೆಯಿದೆ ಎಂದು ಬಂದಿದೆ. ಇದಕ್ಕೆ ಲಸಿಕೆ ಕಾರಣವಿರಬಹುದೇ?

ಉತ್ತರ: ನಮಸ್ಕಾರ. ಮುಟ್ಟು ಏರುಪೇರಾದದ್ದಕ್ಕೆ ಲಸಿಕೆ ಕಾರಣವಾಗಿರಬಹುದು. ಸಂಗ್ರಹ ಕಡಿಮೆಯಿರುವುದಕ್ಕೆ ಅದು ಕಾರಣವೆನ್ನಲು ಆಧಾರವಿಲ್ಲ.

ಅಮೆರಿಕದಲ್ಲಿ ಸುಮಾರು 4,000 ಮಹಿಳೆಯರ ಋತುಚಕ್ರದ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆ ಪಡೆದ ತಿಂಗಳು ಚಕ್ರವು ಸರಾಸರಿ ಒಂದು ದಿನಕ್ಕೂ ಕಡಿಮೆ ಅವಧಿಯಷ್ಟು ಉದ್ದವಾಗಿತ್ತು. ಒಂದೇ ಚಕ್ರದೊಳಗೆ ಎರಡೂ ಡೋಸ್ ಪಡೆದವರಲ್ಲಿ ವ್ಯತ್ಯಾಸ ಇನ್ನಷ್ಟು ಹೆಚ್ಚಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಎಂಆರ್‌ಎನ್‌ಎ (ಫೈಜರ್, ಮಾಡರ್ನಾ ಮಾದರಿಯ) ಕೋವಿಡ್ ಲಸಿಕೆಗಳ ಅಡ್ಡಪರಿಣಾಮಗಳ ಪಟ್ಟಿಗೆ ಅತಿಸ್ರಾವವನ್ನೂ ಸೇರಿಸುವಂತೆ ಸೂಚಿಸಿತು. ಮಹಿಳೆಯರು ಮೊದಲು ಇದನ್ನು ಹೇಳಿಕೊಂಡಾಗ ಬರೀ ಮಾನಸಿಕ ಒತ್ತಡವೆಂದು ತಳ್ಳಿಹಾಕಿದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಋತುಚಕ್ರದಲ್ಲಿ ಅಂಡೋತ್ಪತ್ತಿಗೆ ಮುಂಚಿನ ಭಾಗವೇ ಹೆಚ್ಚು ಹಿಗ್ಗುವುದು, ಕುಗ್ಗುವುದು. ಜ್ವರ, ಸೋಂಕು, ನಿದ್ರೆಗೆಡುವುದು ಅಥವಾ ಲಸಿಕೆಯಿಂದ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತುಕೊಳ್ಳುವುದು ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನು ಸಂಕೇತಗಳನ್ನು ತುಸು ಏರುಪೇರು ಮಾಡಿದರೆ ಅಂಡೋತ್ಪತ್ತಿ ಮುಂದೆ ಹೋಗುತ್ತದೆ, ಅದರ ಬೆನ್ನಿಗೆ ಮುಟ್ಟೂ ಮುಂದೆ ಹೋಗುತ್ತದೆ. ಅಂಡಾಣುಗಳ ಸಂಗ್ರಹದ ಕಥೆಯೇ ಬೇರೆ. ಹುಟ್ಟುವಾಗ 10ರಿಂದ 20 ಲಕ್ಷದಷ್ಟಿರುವ ಅಂಡಾಣುಗಳು ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ, ಮುಂದೆಯೂ ತಾವಾಗಿಯೇ ಕ್ಷೀಣಿಸುತ್ತಾ ಹೋಗುತ್ತವೆ. ಒಂದು ತಿಂಗಳು ಅಂಡೋತ್ಪತ್ತಿ ತಡವಾದ ಮಾತ್ರಕ್ಕೆ ಆ ದಾಸ್ತಾನು ಕರಗುವುದಿಲ್ಲ. ಇಸ್ರೇಲಿನಲ್ಲಿ ನೂರಕ್ಕೂ ಹೆಚ್ಚು ಮಹಿಳೆಯರ ಎಎಂಎಚ್ ಮಟ್ಟವನ್ನು ಕೋವಿಡ್ ಲಸಿಕೆಗೆ ಮೊದಲು ಮತ್ತು ಮೂರು ತಿಂಗಳ ನಂತರ ಅಳೆದು ನೋಡಿದಾಗ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ನೀವು ವೈದ್ಯರಿಗೆ ತಿಳಿಸಬೇಕಾದ ವಿಷಯಗಳು ಬೇರೆಯೇ ಇವೆ: ಹಿಂದೆ ಅಂಡಾಶಯದ ಶಸ್ತ್ರಚಿಕಿತ್ಸೆ ಆಗಿತ್ತೇ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ) ಇದೆಯೇ, ತಾಯಿಗೋ ಅಕ್ಕನಿಗೋ ಬೇಗ ಮುಟ್ಟು ನಿಂತಿತ್ತೇ, ಪರೀಕ್ಷೆಯ ಸಮಯದಲ್ಲಿ ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದಿರೇ. ಈ ಮಾತ್ರೆಗಳು ಎಎಂಎಚ್ ಅನ್ನು ತಾತ್ಕಾಲಿಕವಾಗಿ ತಗ್ಗಿಸಬಲ್ಲವು. ಅಲ್ಲದೆ ಎಎಂಎಚ್ ಅಂಡಾಣುಗಳ ಸಂಖ್ಯೆಯ ಅಂದಾಜನ್ನಷ್ಟೇ ಕೊಡುತ್ತದೆ, ಗುಣಮಟ್ಟವನ್ನಲ್ಲ. ಬಂಜೆತನದ ಹಿನ್ನೆಲೆಯಿಲ್ಲದ ಮಹಿಳೆಯರಲ್ಲಿ ಅದು ಕಡಿಮೆಯಿದ್ದರೂ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಕುಗ್ಗಿಲ್ಲವೆಂದು 2017ರ ಅಧ್ಯಯನವೊಂದು ತೋರಿಸಿದೆ.

ಮತ್ತೊಬ್ಬ ಸದಸ್ಯೆಯ ಪ್ರಶ್ನೆ: ಮೇಡಂ, ನನ್ನ ಮಗಳಿಗೆ 12 ವರ್ಷ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯಿಂದ ಅಂಡಾಶಯ ಬೇಗನೆ ನಿಷ್ಕ್ರಿಯವಾಗುತ್ತದೆಂದು ಕೇಳಿದ್ದೇನೆ, ನಿಜವೇ?

ಉತ್ತರ: ಕೆಲವು ಬಿಡಿ ಪ್ರಕರಣಗಳ ವರದಿಗಳಿಂದ ಹುಟ್ಟಿದ ಅನುಮಾನವದು. ಡೆನ್ಮಾರ್ಕಿನಲ್ಲಿ ಸುಮಾರು 10 ಲಕ್ಷ ಹುಡುಗಿಯರು ಮತ್ತು ಯುವತಿಯರ ದಾಖಲೆಗಳನ್ನು ಹೋಲಿಸಿದ 2021ರ ಅಧ್ಯಯನದಲ್ಲಿ, ಲಸಿಕೆ ಪಡೆದವರಲ್ಲಿ ಈ ತೊಂದರೆ ಹೆಚ್ಚಾಗಿರಲಿಲ್ಲ. ಮಗಳಿಗೆ ಲಸಿಕೆ ಹಾಕಿಸಿ. ಮೈನೆರೆದ ಮೊದಲೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಆದರೆ ಮೂರು ತಿಂಗಳು ಮುಟ್ಟೇ ಆಗದಿದ್ದರೆ ಅಥವಾ ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಸ್ರಾವವಿದ್ದರೆ, ಲಸಿಕೆ ಹಾಕಿಸಿರಲಿ ಬಿಡಲಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ.