1965ರಲ್ಲೇ ವಿಮಾನ ತಾನೇ ಇಳಿದಿತ್ತು, ನಮ್ಮದು ಯಾಕೆ ವಾಪಸ್ ಹೋಯಿತು?

ಸಾಂಬ್ರಾ_ಹುಡುಗ:
ಹೋದ ಜುಲೈನಲ್ಲಿ ಹೈದರಾಬಾದಿನಿಂದ ಬೆಳಗಾವಿಗೆ ಬರುತ್ತಿದ್ದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಮೇಲೆ ಎರಡು ಸುತ್ತು ಹೊಡೆದರು, ಕಿಟಕಿಯಲ್ಲಿ ರೆಕ್ಕೆಯ ಫ್ಯಾನ್ ಬಿಟ್ಟರೆ ಬರೀ ಬೆಳ್ಳನೆ ಮೋಡ, ಕೊನೆಗೆ ಹೈದರಾಬಾದಿಗೇ ವಾಪಸ್. ಅಪ್ಪ ಮೂರು ತಾಸು ಛತ್ರಿ ಹಿಡಿದು ಹೊರಗೆ ನಿಂತಿದ್ದರು. ಆಮೇಲೆ ಓದಿದೆ, 1965ರ ಜೂನ್ 10ಕ್ಕೇ ಟ್ರೈಡೆಂಟ್ ಅನ್ನುವ ವಿಮಾನ ಪ್ಯಾರಿಸ್‌ನಿಂದ ಜನರನ್ನು ಕರೆತಂದು ಲಂಡನ್‌ನಲ್ಲಿ ತಾನೇ ನೆಲ ಮುಟ್ಟಿತ್ತಂತೆ. ಆಗ ಈಗಿನಂಥ ಕಂಪ್ಯೂಟರ್ ಎಲ್ಲಿತ್ತು? ಹೇಗೆ ಸಾಧ್ಯವಾಯಿತು?

ಹಳೇ_ಫಿಟ್ಟರ್_ಬಾಗಲಕೋಟೆ:
ತಮ್ಮಾ, ನಾನು ಏರ್‌ಫೋರ್ಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸದಲ್ಲಿದ್ದವನು. ಅರ್ಧ ಕೆಲಸ ನೆಲದ ಮೇಲಿನದು. ರನ್‌ವೇ ತುದಿಯಿಂದ ಎರಡು ರೇಡಿಯೋ ಸ್ವರ ಬಿಡುತ್ತಾರೆ, ಇಳಿಯಲು ಬರುವವನ ಎಡಕ್ಕೆ 90 ಹರ್ಟ್ಸ್‌ನದು ಜೋರು, ಬಲಕ್ಕೆ 150ರದು. ಎರಡೂ ಸಮ ಬಂದರೆ ನಡುಗೆರೆಯ ಮೇಲೆ ಇದ್ದೀರಿ ಎಂದರ್ಥ. ಇಳಿಜಾರಿಗೂ ಹೀಗೇ ಇನ್ನೊಂದು, ಸಾಮಾನ್ಯವಾಗಿ 3 ಡಿಗ್ರಿ. ಕೊನೆಯ ಸುಮಾರು 50 ಅಡಿಯಲ್ಲಿ ರೇಡಿಯೋ ಆಲ್ಟಿಮೀಟರ್ ನೆಲ ಎಷ್ಟು ದೂರ ಅಂತ ಅಳೆಯುತ್ತದೆ, ಆಟೋಪೈಲಟ್ ಮೂತಿ ಮೆಲ್ಲಗೆ ಎತ್ತುತ್ತದೆ. ಇದಕ್ಕೆ ಈಗಿನಂಥ ಕಂಪ್ಯೂಟರ್ ಬೇಡ, ಅನಲಾಗ್ ಸರ್ಕ್ಯೂಟ್ ಸಾಕು.

ಆದರೆ ಆ ಹೊತ್ತಲ್ಲಿ ಅದು ಕೆಟ್ಟರೆ? ಟ್ರೈಡೆಂಟ್‌ನವರ ನಿಜವಾದ ಜಾಣತನ ಇಲ್ಲಿದೆ. ಒಂದೇ ಕೆಲಸಕ್ಕೆ ಮೂರು ಚಾನೆಲ್, ಅಂದರೆ ಒಂದೇ ಲೆಕ್ಕ ಬೇರೆ ಬೇರೆಯಾಗಿ ಮಾಡುವ ಮೂರು ಸರ್ಕ್ಯೂಟ್, ಇಟ್ಟರು. ಒಂದು ದಾರಿ ತಪ್ಪಿದರೆ ಉಳಿದ ಎರಡು ಅದನ್ನು ಹೊರಗೆ ಹಾಕುತ್ತವೆ.

ನಿಮ್ಮದು ಎಟಿಆರ್ ಅನ್ನುವ ಫ್ಯಾನಿನ ಸಣ್ಣ ವಿಮಾನ ಇರಬೇಕು, ಫ್ಯಾನ್ ಕಂಡಿತು ಅಂದಿರಲ್ಲ. ಅದರಲ್ಲಿ ತಾನೇ ನೆಲ ಮುಟ್ಟುವ ವ್ಯವಸ್ಥೆ ಇಲ್ಲ. ಪೈಲಟ್‌ಗೆ ರನ್‌ವೇ ಕಾಣಲೇಬೇಕು, ಕಾಣದಿದ್ದರೆ ವಾಪಸ್ ಹೋಗುವುದೇ ಸರಿ.

ಬೆಲ್ಲದ_ಊರಿನವಳು:
ಮೂರು ಚಾನೆಲ್ ಮಾತು ನಮ್ಮ ಮಹಾಲಿಂಗಪುರದವರಿಗೆ ಬೇಗ ತಿಳಿಯುತ್ತದೆ. ಒಂದೇ ಬೆಲ್ಲದ ಪೆಂಟೆ ಎರಡು ತಕ್ಕಡಿಯಲ್ಲಿ ಬೇರೆ ಬೇರೆ ತೂಗಿದರೆ ಯಾವುದು ಸುಳ್ಳು ಅಂತ ಹೇಳಲಾಗದು, ಮೂರನೆಯದು ಬೇಕು. ಕಾಕಾ, ಟ್ರೈಸ್ಟಾರ್ ಅನ್ನುವ ಜೆಟ್ ವಿಮಾನದ ಬಗ್ಗೆಯೂ ಹೇಳಿ, ನನಗೆ ಅದೇ ಜಾಸ್ತಿ ಇಷ್ಟ. 1972ರ ಮೇ 25ಕ್ಕೆ ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಿಂದ ವಾಷಿಂಗ್ಟನ್ ಹತ್ತಿರದ ಡಲ್ಲಸ್‌ವರೆಗೆ, ಏರಿದಾಗಿನಿಂದ ಇಳಿಯುವ ತನಕ ಕಂಟ್ರೋಲ್‌ಗೆ ಕೈ ಹಚ್ಚದೆ ಹಾರಿಸಿದ್ದರು.

ಹಳೇ_ಫಿಟ್ಟರ್_ಬಾಗಲಕೋಟೆ:
ಹೌದು ತಂಗಿ, ಅದರ ರೆಕ್ಕೆ ನೋಡಬೇಕು. ಬೇರೆ ವಿಮಾನ ಸ್ವಲ್ಪ ಕೆಳಗಿಳಿಯಬೇಕೆಂದರೆ ಮೂತಿ ಬಗ್ಗಿಸಬೇಕು, ಮೇಲೆ ಬರಲು ಎತ್ತಬೇಕು. ಟ್ರೈಸ್ಟಾರ್ ಇಳಿಯುವಾಗ ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳನ್ನು ಮೊದಲೇ ಒಂದಿಷ್ಟು ಎತ್ತಿಟ್ಟುಕೊಳ್ಳುತ್ತದೆ. ಇನ್ನಷ್ಟು ಎತ್ತಿದರೆ ಇಳಿಯುತ್ತದೆ, ಒತ್ತಿದರೆ ಏರುತ್ತದೆ, ಮೂತಿ ಹೆಚ್ಚುಕಡಿಮೆ ಇದ್ದಂತೇ ಇರುತ್ತದೆ. ಹಳೇ ವಿಡಿಯೋಗಳಲ್ಲಿ ಆ ಹಲಗೆಗಳು ಪಟಪಟ ಮಿಡಿಯುವುದು ಚೆನ್ನಾಗಿ ಕಾಣುತ್ತದೆ.

ಸಾಂಬ್ರಾ_ಹುಡುಗ:
ಎಟಿಆರ್ ಹೌದು ಕಾಕಾ. ಅಪ್ಪನಿಗೆ ಓದಿ ಹೇಳಿದೆ, ಪೈಲಟ್ ಮೇಲಿನ ಸಿಟ್ಟು ಇಳಿಯಿತು. ಈ ಸಲ ಜುಲೈಗೆ ರೈಲಿನ ಟಿಕೆಟ್ ಮಾಡುತ್ತೇನೆ, ಅವರನ್ನು ಮತ್ತೆ ಮಳೆಯಲ್ಲಿ ನಿಲ್ಲಿಸುವುದು ಬೇಡ.