ಸೌದಿಯಲ್ಲಿ ಕೂತು ಪೇಜ್ ನಡೆಸುವವರ ಬಗ್ಗೆ: ವಕೀಲರನ್ನು ಕೇಳಿ

ಪ್ರಶ್ನೆ (ಸುಂಟಿಕೊಪ್ಪ): ಸಾರ್, ನಮ್ಮ ಭಾವ ರಿಯಾದ್‌ನಲ್ಲಿ ಕೆಲಸಕ್ಕಿದ್ದಾರೆ. ಬೇರೆ ಹೆಸರಲ್ಲಿ ಫೇಸ್‌ಬುಕ್ ಪೇಜ್ ಮಾಡಿ ಸಂಬಳ ಬಾಕಿ, ಲೇಬರ್ ಕ್ಯಾಂಪಿನ ಅವಸ್ಥೆ ಎಲ್ಲ ಬರೀತಾರೆ. ನಮ್ಮ ತೋಟದ ಲೈನ್ ಮನೆಗಿಂತ ಕಡೆ ಅಂತೆ. ಈಗೀಗ ಅಲ್ಲಿನ ಸರ್ಕಾರದ ಬಗ್ಗೆಯೂ ಶುರು ಮಾಡಿದ್ದಾರೆ. ಕೇಳಿದ್ರೆ "ಕನ್ನಡ ಅಲ್ಲಿ ಯಾರಿಗೆ ಬರ್ತದೆ" ಅಂತಾರೆ. ಅಕ್ಕನಿಗೆ ನಿದ್ದೆ ಇಲ್ಲ. ಹಿಡಿದರೆ ಇಲ್ಲಿಂದ ಏನು ಮಾಡ್ಬಹುದು?

ವಕೀಲರು (ಮಡಿಕೇರಿ): ಕನ್ನಡ ಯಾರಿಗೂ ಬರುವುದಿಲ್ಲ ಎಂಬ ಧೈರ್ಯ ಮೊದಲು ಬಿಡಲಿ. ಅನುವಾದದ ಗುಂಡಿ ಒಂದು ಕಡೆ, ಮುನಿಸಿಕೊಂಡ ಸಹೋದ್ಯೋಗಿ ಇನ್ನೊಂದು ಕಡೆ.

ಸೌದಿಯ 2007ರ ಸೈಬರ್ ಅಪರಾಧ ಕಾನೂನಿನ 6ನೇ ವಿಧಿಯಲ್ಲಿ ಸಾರ್ವಜನಿಕ ಶಾಂತಿ, ಧಾರ್ಮಿಕ ಮೌಲ್ಯ, ನೈತಿಕತೆಗೆ ಧಕ್ಕೆ ತರುವ ಬರಹಕ್ಕೆ 5 ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ. ಯಾವುದು ಧಕ್ಕೆ ಎಂದು ಬಿಡಿಸಿ ಹೇಳಿಲ್ಲ, ಅದೇ ಅದರ ಬಲ. ಇದಕ್ಕೂ ಮೇಲೆ ಭಯೋತ್ಪಾದನಾ ವಿರೋಧಿ ಕಾನೂನು ಉಂಟು. ಆ ಕೇಸುಗಳು ವಿಶೇಷ ಕ್ರಿಮಿನಲ್ ಕೋರ್ಟಿಗೆ ಹೋಗುತ್ತವೆ.

ಬ್ಲಾಗ್ ಬರೆಯುತ್ತಿದ್ದ ರೈಫ್ ಬದಾವಿಗೆ 2014ರಲ್ಲಿ 10 ವರ್ಷ ಜೈಲು, 1,000 ಛಡಿಯೇಟು. 2022ರಲ್ಲಿ ಬಿಟ್ಟರು, ಆದರೆ ಇನ್ನೂ 10 ವರ್ಷ ದೇಶ ಬಿಡುವಂತಿಲ್ಲ. ಸಲ್ಮಾ ಅಲ್‌ ಶೆಹಾಬ್ ಎಂಬ ಪಿಎಚ್.ಡಿ. ವಿದ್ಯಾರ್ಥಿನಿಯ ಟ್ವಿಟರ್ ಖಾತೆಗೆ ಇದ್ದದ್ದು ಸುಮಾರು 2,600 ಫಾಲೋವರ್ಸ್. ಮೊದಲು 6 ವರ್ಷ ಕೊಟ್ಟರು; ಮೇಲ್ಮನವಿಯಲ್ಲಿ, 2022ರ ಆಗಸ್ಟ್‌ನಲ್ಲಿ, ಅದು 34 ವರ್ಷವಾಯಿತು. ಆಮೇಲೆ ಇಳಿಸಿ 2025ರಲ್ಲಿ ಬಿಡುಗಡೆ ಮಾಡಿದರು. ಅಪೀಲು ಹಾಕಿದರೆ ಶಿಕ್ಷೆ ಕಮ್ಮಿ ಆಗುತ್ತದೆ ಎಂಬ ನಮ್ಮೂರ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಈಗಲೇ ಮಾಡಬೇಕಾದ್ದು ಕಾಗದದ ಕೆಲಸ. ಪಾಸ್‌ಪೋರ್ಟ್, ವೀಸಾ, ಇಕಾಮಾ (ಅಲ್ಲಿನ ವಾಸದ ಪರವಾನಗಿ ಕಾರ್ಡ್), ಕಂಪನಿಯ ಕರಾರು, ಕಫೀಲ್‌ನ (ಅಲ್ಲಿ ಕೆಲಸಕ್ಕೆ ಕರೆಸಿಕೊಂಡ ಪ್ರಾಯೋಜಕನ) ಫೋನ್ ನಂಬರ್, ಎಲ್ಲದರ ಪ್ರತಿ ಅಕ್ಕನ ಕೈಯಲ್ಲಿರಲಿ. ಇಕಾಮಾ ನಂಬರ್ 10 ಅಂಕಿ, 2ರಿಂದ ಶುರುವಾಗುತ್ತದೆ. ನಮ್ಮ ಕಡೆ ಮನೆತನದ ಹೆಸರು ಮುಂದೆ ಬರುವುದರಿಂದ ಅರಬಿ ಅಕ್ಷರದಲ್ಲಿ ಹೆಸರು ಏನೇನೋ ಆಗಿರುತ್ತದೆ; ಹುಡುಕುವಾಗ ಹೆಸರಿಗಿಂತ ನಂಬರ್ ಕೆಲಸಕ್ಕೆ ಬರುತ್ತದೆ. ಜೊತೆಗೆ "ನನ್ನ ವಿಷಯವನ್ನು ಹೆಂಡತಿಗೆ ತಿಳಿಸಲು ಒಪ್ಪಿಗೆ ಇದೆ" ಎಂದು ಬರೆದು ಸಹಿ ಹಾಕಿದ ಪತ್ರ ಕಳಿಸಲಿ. ಕೈದಿಯ ಒಪ್ಪಿಗೆ ಇಲ್ಲ ಎಂಬ ಕಾರಣಕ್ಕೆ ಮಾಹಿತಿ ನಿಂತುಹೋಗುವುದು ಮಾಮೂಲು.

ಹಿಡಿದರೆ: ರಾಯಭಾರ ಕಚೇರಿಗೆ ತಾನಾಗಿಯೇ ಗೊತ್ತಾಗುತ್ತದೆ ಎಂದು ಕಾಯಬೇಡಿ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ ಬಂಧಿತ ಕೇಳಿಕೊಂಡರೆ ಮಾತ್ರ ಅಲ್ಲಿನ ಅಧಿಕಾರಿಗಳು ತಿಳಿಸಬೇಕು. ಕೇಳಲು ಬಿಟ್ಟಿದ್ದಾರೋ ಇಲ್ಲವೋ ನಿಮಗೆ ಹೇಗೆ ಗೊತ್ತು? ಅವತ್ತೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ, ನಂಬರ್ ಬರೆದಿಟ್ಟುಕೊಳ್ಳಿ, ರಿಯಾದ್‌ನ ಭಾರತೀಯ ರಾಯಭಾರ ಕಚೇರಿಗೆ ಇಮೇಲ್ ಮಾಡಿ. ಕೊನೆಯ ಸಲ ಮಾತಾಡಿದ ದಿನ, ಹೊತ್ತು, ಜಾಗ ಅದರಲ್ಲಿರಲಿ. ಪೋಸ್ಟಿನಲ್ಲಿ ಏನು ಬರೆದಿದ್ದರು ಎಂದು ಮಾತ್ರ ನೀವಾಗಿ ವಿವರಿಸಬೇಡಿ.

ಸೈಬರ್ ಭದ್ರತೆ ಕೆಲಸದವರು (ವಿರಾಜಪೇಟೆ): ಬೇರೆ ಹೆಸರಿನ ವಿಷಯಕ್ಕೆ ಬರ್ತೇನೆ. ಪೇಜ್‌ನ ಹಿಂದೆ ಖಾತೆ, ಖಾತೆಯ ಹಿಂದೆ ಫೋನ್ ನಂಬರ್, ಅಲ್ಲಿನ ಸಿಮ್‌ನ ಹಿಂದೆ ಇಕಾಮಾ ಮತ್ತು ಬೆರಳಚ್ಚು. ಪೇಜಿನ ಹೆಸರು ಓದುಗರಿಗೆ ಮಾತ್ರ ಮರೆ. 2015ರಲ್ಲಿ ಟ್ವಿಟರ್ ಕಂಪನಿಯ ಒಳಗಿದ್ದ ಒಬ್ಬ ಉದ್ಯೋಗಿಯೇ ಸೌದಿಯ ಪರವಾಗಿ 6,000ಕ್ಕೂ ಹೆಚ್ಚು ಖಾತೆಗಳ ವಿವರ ತೆಗೆದು ನೋಡಿದ್ದ ಎಂದು ಅಮೆರಿಕದಲ್ಲಿ ಆರೋಪಪಟ್ಟಿ ಆಯಿತು. ಇಮೇಲ್, ಫೋನ್ ನಂಬರ್, ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತಿನ ನಂಬರ್), ಇಷ್ಟೇ ಸಾಕು ಮನೆ ಬಾಗಿಲಿಗೆ ಬರಲು.

ಫೋನಿಗೆ ಬೆರಳು, ಮುಖ ತೋರಿಸಿ ತೆರೆಯುವುದನ್ನು ತೆಗೆದು ಉದ್ದದ ಪಾಸ್‌ವರ್ಡ್ ಇಡಲಿ. ವಾಟ್ಸ್‌ಆ್ಯಪ್ ಬ್ಯಾಕಪ್ಪಿಗೆ ಬೇರೆಯವರು ಓದಲಾಗದಂತೆ ಮಾಡುವ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಪ್ರತ್ಯೇಕವಾಗಿ ಆನ್ ಮಾಡಬೇಕು, ಎಷ್ಟೋ ಜನ ಮಾಡಿರುವುದಿಲ್ಲ. ಗೊತ್ತಿಲ್ಲದ ನಂಬರಿನ ಲಿಂಕ್ ಒತ್ತಲೇಬಾರದು. ಯುಎಇಯ ಮಾನವ ಹಕ್ಕುಗಳ ಹೋರಾಟಗಾರ ಅಹ್ಮದ್ ಮನ್ಸೂರ್‌ಗೆ 2016ರಲ್ಲಿ "ಜೈಲಿನ ಚಿತ್ರಹಿಂಸೆಯ ಹೊಸ ಮಾಹಿತಿ" ಎಂಬ ಮೆಸೇಜ್ ಬಂತು. ಅವರು ಒತ್ತದೆ ಪರಿಣತರಿಗೆ ಕಳಿಸಿದರು. ಅದರೊಳಗೆ ಪೆಗಾಸಸ್ ಎಂಬ, ಫೋನಿನೊಳಗೆ ಕೂತು ಕದ್ದು ನೋಡುವ ತಂತ್ರಾಂಶ ಇತ್ತು. (ಆದರೂ ಮರುವರ್ಷ ಅವರನ್ನು ಹಿಡಿದರು, 10 ವರ್ಷ ಶಿಕ್ಷೆ ಆಯಿತು.) ನಿಮ್ಮ ಮನೆಯ ಗ್ರೂಪನ್ನೂ ನೋಡಿ. ಭಾವ ಜಾಗ್ರತೆ ಮಾಡಿ, ನೀವು ಇಲ್ಲಿಂದ "ಪೇಜ್‌ನಲ್ಲಿ ಚೆನ್ನಾಗಿ ಝಾಡಿಸಿದ್ರಿ" ಅಂತ ವಾಯ್ಸ್ ಕಳಿಸಿದ್ರೆ ಅಲ್ಲಿಗೆ ಮುಗೀತು.

ಪ್ರಶ್ನೆ (ಸುಂಟಿಕೊಪ್ಪ): ಪಾಸ್‌ವರ್ಡ್ ಅಕ್ಕನ ಹತ್ರ ಉಂಟು. ಹಿಡಿದ ಸುದ್ದಿ ಬಂದ ತಕ್ಷಣ ಇಲ್ಲಿಂದ ಪೇಜ್ ಡಿಲೀಟ್ ಮಾಡಿದ್ರೆ?

ವಕೀಲರು (ಮಡಿಕೇರಿ): ಬೇಡ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಅವರ ಫೈಲಿನಲ್ಲಿ ಇರುತ್ತದೆ. ಬಂಧನದ ನಂತರ ಕೊಡಗಿನಿಂದ ಲಾಗಿನ್ ಆದರೆ ಸಾಕ್ಷ್ಯ ನಾಶ ಎನ್ನಬಹುದು, ಜೊತೆಗಾರರಿದ್ದಾರೆ ಎಂದೂ ಹೇಳಬಹುದು. ತೆಗೆಯುವುದಿದ್ದರೆ ಈಗ, ಭಾವನೇ ತೆಗೆಯಲಿ, ಹಳೆಯ ಪೋಸ್ಟುಗಳಿಂದ ಶುರು ಮಾಡಿ. ಸಂಬಳ ಬಾಕಿಯ ದೂರಿಗೆ ಅಲ್ಲಿನ ಕಾರ್ಮಿಕ ಇಲಾಖೆ ಉಂಟು, ಅದಕ್ಕೆ ಪೇಜ್ ಬೇಕಿಲ್ಲ. ಸರ್ಕಾರದ ಬಗ್ಗೆ ಬರೆಯಲೇಬೇಕು ಎಂದಿದ್ದರೆ ಊರಿಗೆ ಬಂದ ಮೇಲೆ ಬರೆಯಲಿ. ಬರೆದ ಮೇಲೆ ಮತ್ತೆ ಅಲ್ಲಿಗೆ ವೀಸಾ ಮಾಡಿಸಬಾರದು. ರಜೆಯಲ್ಲಿ ಮನೆಯಲ್ಲಿದ್ದಾಗ ಹಾಕಿದ ಪೋಸ್ಟಿಗೂ ವಿಮಾನ ಇಳಿದ ಮೇಲೆ ಉತ್ತರ ಕೊಡಬೇಕಾಗಬಹುದು.

ಪ್ರಶ್ನೆ (ನಾಪೋಕ್ಲು): ದುಬೈನಲ್ಲೂ ಹೀಗೆಯಾ? ಐಪಿ ವಿಳಾಸ ಮರೆಮಾಡುವ ವಿಪಿಎನ್ ಹಾಕಿಕೊಂಡರೆ?

ವಕೀಲರು (ಮಡಿಕೇರಿ): ಅಲ್ಲಿ ವದಂತಿ ಮತ್ತು ಸೈಬರ್ ಅಪರಾಧಗಳ ವಿರುದ್ಧದ 2021ರ 34ನೇ ಕಾನೂನು, 2022ರ ಜನವರಿಯಿಂದ ಜಾರಿ. ಸುಳ್ಳು ಸುದ್ದಿ ಎನಿಸಿದ್ದಕ್ಕೆ ಕನಿಷ್ಠ 1 ವರ್ಷ ಜೈಲು, 1 ಲಕ್ಷ ದಿರ್ಹಂ ದಂಡ. ಅಪರಾಧ ಎನಿಸುವ ಪೋಸ್ಟನ್ನು ವಿಪಿಎನ್ ಬಳಸಿ ಹಾಕಿದರೆ ಅದೇ ಇನ್ನೊಂದು ಕೇಸು, ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಂ.