ಅಡಿಕೆ ದರ ಹೇಳುವ ಫೋನ್ ಯಂತ್ರಕ್ಕೆ ಮಾತು ಬರೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದ್ದು, ಶಿರಸಿಯಿಂದ:
ಬೆಳೆಗಾರರಿಗೆ ಒಂದು ಫೋನ್ ಸೇವೆ ಮಾಡುತ್ತಿದ್ದೇವೆ. ಬಾಯಲ್ಲೇ ಕೇಳಿದರೆ ಯಂತ್ರ ರಾಶಿ, ಚಾಲಿ, ಬೆಟ್ಟೆ ಹೀಗೆ ಬೇರೆ ಬೇರೆ ಬಗೆಯ ಅಡಿಕೆಯ ದರ ಹೇಳಬೇಕು. ಮಾಲು ಒಯ್ಯಲು ಗಾಡಿಯನ್ನೂ ಬುಕ್ ಮಾಡಬೇಕು. ಯಂತ್ರದ ಮಾತು ಬರೆಯುವ ಕೆಲಸ ನನ್ನದು. ಎಲ್ಲಿಂದ ಶುರು ಮಾಡಲಿ?

ಸಿದ್ದಾಪುರದಿಂದ:
ಬರೆಯುವ ಮೊದಲು ಜನ ಮಾತಾಡುವುದನ್ನು ಕೇಳಿಸಿಕೊಳ್ಳಿ. ಇಂಥದ್ದೇ ಕೆಲಸದಲ್ಲಿ ನಾವು ಮೊದಲೇ ಬರೆದು ಕೆಟ್ಟೆವು. 'ನಾಳೆ ಬೆಳಿಗ್ಗೆ ಗಾಡಿ ಕಳಿಸಬಹುದಾ?' ಅಂತ ಯಂತ್ರ ಕೇಳಿತು. ಆ ಕಡೆಯವರು 'ಅಡ್ಡಿಲ್ಲೆ' ಅಂದರು. ನಮ್ಮಲ್ಲಿ ಅದು ಒಪ್ಪಿಗೆ, ಅಲ್ವಾ? ಯಂತ್ರ ಕೊನೆಯ 'ಇಲ್ಲೆ' ಮಾತ್ರ ಹಿಡಿದು 'ಸರಿ, ರದ್ದು ಮಾಡಿದ್ದೇನೆ' ಅಂದಿತು. ಅವರು ಮೂರು ಸಲ ಅಡ್ಡಿಲ್ಲೆ ಅಂದರು, ಮೂರು ಸಲವೂ ರದ್ದು. ಚಾಲಿ ಚೀಲಗಳು ಜಗಲಿಯಲ್ಲೇ ಉಳಿದವು. ನನಗೆ ಇವತ್ತಿಗೂ ಬೇಜಾರಿದೆ.

ಆಮೇಲೆ ಯಂತ್ರ ಬದಿಗಿಟ್ಟು ಎರಡು ವಾರ ನಾನೇ ಫೋನ್ ಹಿಡಿದು ಕೂತೆ. ಬರೆದಿಟ್ಟ ಸಾಲುಗಳನ್ನಷ್ಟೇ ಯಂತ್ರದ ಹಾಗೆ ಓದುತ್ತಿದ್ದೆ. ಇದು ಹಳೆಯ ಕ್ರಮ. 1980ರ ದಶಕದಲ್ಲಿ ಐಬಿಎಂನವರು ಮಾತು ಕೇಳಿ ಟೈಪ್ ಮಾಡುವ ಯಂತ್ರವನ್ನು ಹೀಗೇ ಪರೀಕ್ಷಿಸಿದ್ದರು. ಮರೆಯಲ್ಲಿ ಕೂತು ಟೈಪ್ ಮಾಡುತ್ತಿದ್ದದ್ದು ಮನುಷ್ಯರೇ. (ಕರೆ ಮುಗಿದ ಮೇಲೆ ನಾನು ನಿಜ ಹೇಳಿ ಒಪ್ಪಿಗೆ ಕೇಳುತ್ತಿದ್ದೆ. ನೀವೂ ಕೇಳಿ.)

ಆಗ ಗೊತ್ತಾಯಿತು, ನಮ್ಮವರು 48,500 ಅನ್ನುವುದಿಲ್ಲ, 'ನಲವತ್ತೆಂಟೂವರೆ' ಅನ್ನುತ್ತಾರೆ. ಹಾಗಾಗಿ ದುಡ್ಡು ಮತ್ತು ತೂಕವನ್ನು ಯಂತ್ರ ಬಿಡಿಸಿ ಹೇಳಿ 'ಸರೀನಾ?' ಅಂತ ಕೇಳಲಿ. ಬೇರೆ ಎಲ್ಲದಕ್ಕೂ ಸರೀನಾ ಕೇಳಿದರೆ ಜನ ಫೋನ್ ಇಡುತ್ತಾರೆ.

ಇನ್ನೊಂದು, ಕಾಯುವುದು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನದ ಪ್ರಕಾರ, ಒಬ್ಬರು ಪ್ರಶ್ನೆ ಕೇಳಿ ಮುಗಿಸಿದ ಮೇಲೆ ಇನ್ನೊಬ್ಬರ ಉತ್ತರ ಬರಲು ಸರಾಸರಿ ಸೆಕೆಂಡಿನ ಐದನೇ ಒಂದು ಪಾಲು ಸಾಕು. ಅದನ್ನು ನೋಡಿ ನಾವು ಯಂತ್ರವನ್ನು ಚುರುಕು ಮಾಡಿದೆವು. ಆದರೆ ಎಷ್ಟು ಚೀಲ ಅಂತ ಕೇಳಿದಾಗ ಮನುಷ್ಯ ಒಳಗೆ ತಿರುಗಿ 'ಎಷ್ಟ್ ಚೀಲ ಇದ್ದು?' ಅಂತ ಮನೆಯವರನ್ನು ಕೇಳುತ್ತಾನೆ. ಅಷ್ಟರಲ್ಲಿ ಯಂತ್ರ ಬಾಯಿ ಹಾಕಬಾರದು. ಅಂಥ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡಿ.

ಕಾರವಾರದಿಂದ:
ಕೊಂಕಣಿಯವರು 'ಹೋಯ್' ಅಂದರೆ ಹೌದು ಅಂತ. ಅದನ್ನೂ ಸೇರಿಸಿ. ಮತ್ತೆ, ಜನ ನಡುವೆ ಮಾತಾಡಿದರೆ ಯಂತ್ರ ಸುಮ್ಮನಾಗುವ ಹಾಗೆ ಮಾಡುತ್ತೀರಲ್ಲ, ಅದನ್ನು ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ನಿಂತು ಪರೀಕ್ಷಿಸಿ. ನಮ್ಮದು ಗಾಳಿ ಸದ್ದಿಗೇ ಅರ್ಧಕ್ಕೆ ನಿಲ್ಲುತ್ತಿತ್ತು.

ಯಲ್ಲಾಪುರದಿಂದ:
ನಾನು ಮಾಡುವವಳಲ್ಲ, ಬಳಸುವವಳು. ನಮ್ಮ ಅತ್ತೆ ಒಂದು ಸೇವೆಗೆ ಫೋನ್ ಮಾಡಿದ್ದರು. 'ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ' ಅಂತ ನಾಲ್ಕು ಸಲ ಬಂತು. ಅತ್ತೆ ಪ್ರತಿ ಸಲ ದನಿ ಏರಿಸಿ, ಒಂದೊಂದೇ ಅಕ್ಷರ ಬಿಡಿಸಿ 'ರಾ... ಶಿ' ಅಂದರು. ಹಾಗೆ ಎಳೆದಷ್ಟೂ ಯಂತ್ರಕ್ಕೆ ಕಷ್ಟವಂತೆ. ತಪ್ಪು ತನ್ನದೇ ಅಂದುಕೊಂಡು ಫೋನ್ ನನ್ನ ಕೈಗೆ ಕೊಟ್ಟರು. ಆ ಮುಖ ನನಗೆ ಮರೆಯುವುದಿಲ್ಲ. ಎರಡನೇ ಸಲಕ್ಕೆ ಪ್ರಶ್ನೆಯನ್ನೇ ಬದಲಿಸಿ, 'ರಾಶಿಯಾ, ಚಾಲಿಯಾ?' ಅಂತ ಕೇಳಿಸಿ. ಮೂರನೇ ಸಲಕ್ಕೆ ಮನುಷ್ಯರಿಗೆ ಫೋನ್ ಕೊಡಿ. 'ನಿಮ್ಮ ಆಯ್ಕೆಯನ್ನು ನಮೂದಿಸಿ' ಅಂತ ಯಾರೂ ಮಾತಾಡುವುದಿಲ್ಲ. 'ಯಾವ ಅಡಿಕೆ, ಹೇಳಿ' ಅಂದರೆ ಸಾಕು.

ಕೇಳಿದವರು, ಶಿರಸಿಯಿಂದ:
ಬರೆದಿದ್ದ ಸಾಲುಗಳನ್ನು ಬದಿಗಿಟ್ಟೆ. ನಾಳೆಯಿಂದ ಅಡಿಕೆ ಮಾರ್ಕೆಟ್ಟಿನಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ. ಹೌದು, ಇಲ್ಲ ಅನ್ನುವುದನ್ನು ಹಾಲಕ್ಕಿ ಒಕ್ಕಲಿಗರು ಹೇಗೆಲ್ಲ ಹೇಳುತ್ತಾರೆ? ಅಂಕೋಲಾ, ಕುಮಟಾ ಕಡೆಯವರು ತಿಳಿಸಿ.